ಜಲಪಾತಕ್ಕೆ ನಂಜಮಣಿಯ ಸರದಿ

ಜಲಪಾತವನ್ನು ಯಾರೇ ಆಗಲಿ ಜೀವಮಾನದಲ್ಲಿ ಒಂದೇ ಸಲ ನೋಡಬಹುದೆಂಬ ಕಾನೂನು ಬಂದು ಬಹಳ ಕಾಲವಾಗಿತ್ತು. ನಂಜಮಣಿಯ ಸರದಿ ಬಂದದ್ದು ಚಳಿಗಾಲದ ಕೊನೆಗೆ. ಗಂಡ ಚೆಲುವಯ್ಯ ಹುಡುಗನಾಗಿದ್ದಾಗಲೇ ನೋಡಿ ಮುಗಿಸಿದ್ದ. ಹಾಗಾಗಿ ರಕ್ಷಿತಾರಣ್ಯದ ಗಾರ್ಡ್ ಅವನ ಕಣ್ಣಿಗೆ ಬಟ್ಟೆ ಕಟ್ಟಿಯೇ ಒಳಗೆ ಬಿಟ್ಟ. ತರಗೆಲೆ ಬಿದ್ದ ಕಾಡುಹಾದಿಯಲ್ಲಿ ನಂಜಮಣಿ ಅವನ ಕೈ ಹಿಡಿದು ನಡೆಸಿದಳು. ಅಂದು ಕಂಡ ನೀರಿನ ಆರ್ಭಟವನ್ನು ಅವನು ದಾರಿಯುದ್ದಕ್ಕೂ ಬಣ್ಣಿಸುತ್ತಲೇ ಬಂದ.

ಬಂಡೆಯ ಮೇಲೆ ನೀರು ನೂಲಿನಂತೆ ಇಳಿಯುತ್ತಿತ್ತು. ನಂಜಮಣಿ ಗಂಡನ ಕಡೆ ತಿರುಗಿ ನೋಡಿದಳು.

"ಹೆಂಗದೆ?" ಎಂದು ಕೇಳಿದ ಚೆಲುವಯ್ಯ.

"ನೀವು ಹೇಳ್ದಂಗೇ ಅದೆ."

"ಸದ್ದೇ ಕೇಳ್ತಿಲ್ವಲ್ಲ?"

"ಬಟ್ಟೆ ಕಿವಿ ಮೇಲೂ ಬಂದದೆ, ಅದ್ಕೇಯ."

ಚೆಲುವಯ್ಯ ತಲೆಯಾಡಿಸಿದ. ಆಮೇಲೆ ಅವಳ ಕೈ ಹಿಡಿದು ಹಿಂದಕ್ಕೆಳೆದ. "ಅಷ್ಟು ಹತ್ರ ನಿಂತ್ಕೋಬೇಡ ಕಣೆ, ನೆಂದೋಯ್ತೀಯ," ಎಂದ.