ಛಲೋ ಓಡುವ ಗಾಡಿ

"ನರ್ಸರಿಯವರು ಕೇಳ್ಯಾರಂತ ಆರಾಮ ಇದ್ದ ಕೂಸಿಗೆ ಲಸಿಕಿ ಹಾಕಿಸಿ ಜ್ವರ ಬರಿಸೂದೇನ?" ಬೈರಿದೇವರಕೊಪ್ಪದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಶಾನವಾಜ ಹೆಂಡತಿಗೆ ಗದರಿದ. ಮಗಳು ಜೋಯಾಳ ಕೈ ಹಿಡಿದು ಬುಶ್ರಾ ಅಲ್ಲೇ ನಿಂತಿದ್ದಳು.

ಅಷ್ಟರಲ್ಲಿ ಹಳೇ ಗಿರಾಕಿಯೊಬ್ಬರು ಬೈಕು ತಂದು ನಿಲ್ಲಿಸಿದರು. "ಬ್ರೇಕಷ್ಟ ನೋಡೋ. ಆಯಿಲ್ ಬದಲಿ ಮಾಡೂದು ಬ್ಯಾಡ, ಗಾಡಿ ಛಲೋ ಓಡಾಕತ್ತೈತಿ."

"ಛಲೋ ಓಡೂವಾಗನ ಮಾಡಸ್ಬೇಕ್ರಿ ಕಾಕಾ! ಇಂಜಿನ್ ಜಾಮ್ ಆದಮ್ಯಾಲ ಬಂದು ಹಣಿ ಬಡಕೊಂಡ್ರ ಏನ್ ಬಂತು?" ಎಂದು ಶಾನವಾಜ ಎಂದಿನ ಹುರುಪಿನಲ್ಲಿ ನಟ್ಟು ಬಿಚ್ಚುವ ಪಾನಾ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ಬುಶ್ರಾ ದುಪಟ್ಟಾ ಬಾಯಿಗೊತ್ತಿಕೊಂಡು ನಗುತ್ತಿದ್ದಳು.

ಅವನು ಪಾನಾ ಕೆಳಗಿಟ್ಟು, ಕೈಯ ಗ್ರೀಸು ತಿಕ್ಕಿ ತೊಳೆದು, ಜೋಯಾಳನ್ನು ಎತ್ತಿಕೊಂಡ. "ಇಲ್ಲೇ ಕುಂದರ್ರಿ ಕಾಕಾ, ದವಾಖಾನಿಗೆ ಹೋಗಿ ಬರ್ತೇವಿ."

"ಯಾಕೋ, ಕೂಸು ಆರಾಮ ಐತಲ್ಲ?"

"ಆರಾಮ ಐತ್ರಿ. ಅದಕ್ಕ ಹೊಂಟೇವಿ."