ಪಾಟೀಸವಾಲಿನ ಕೊನೆಯ ಪ್ರಶ್ನೆ

ಷೇರುದಾರರು ಹೂಡುವ ಮೊಕದ್ದಮೆಗಳಿಂದ ಕಂಪನಿಗಳನ್ನು ಪಾರುಮಾಡುವುದರಲ್ಲಿ ವಕೀಲ ನಾಗಭೂಷಣ ಎತ್ತಿದ ಕೈ. ಈ ಸಲದ ಕಂಪನಿಗೆ ಅವನು ಬಹಳ ವರ್ಷಗಳಿಂದ ವಕೀಲ; ಅದು ಇಲ್ಲದ ಲಾಭ ತೋರಿಸಿ, ಷೇರು ಮಾರಿ, ಮುಳುಗಿತ್ತು. ಕಟಕಟೆಯಲ್ಲಿ ನಿವೃತ್ತ ನರ್ಸ್ ಒಬ್ಬರು ನಿಂತಿದ್ದರು. ಅವರ ನಿವೃತ್ತಿಯ ಗಂಟೆಲ್ಲ ಆ ಷೇರುಗಳಲ್ಲೇ ಹೋಗಿತ್ತು.

“ನಷ್ಟ ಆಗಬಹುದು ಅಂತ ಕಂಪನಿ ಮೊದಲೇ ಅಚ್ಚು ಹಾಕಿಸಿತ್ತು. ಓದಿದ್ರಾ?”

“ಇಲ್ಲ ಸಾರ್.”

“ಕಂಪನಿಯವರು ಯಾರಾದ್ರೂ ಮನೆಗೆ ಬಂದು, ತೊಗೊಳ್ಳಿ ಅಂತ ಬಲವಂತ ಮಾಡಿದ್ರಾ?”

“ಇಲ್ಲ.”

ಅಷ್ಟಕ್ಕೇ ಕೂತಿದ್ದರೆ ಕೇಸು ಅವನ ಕೈಯಲ್ಲಿತ್ತು. ಆದರೆ ನ್ಯಾಯಾಧೀಶರು ತಲೆದೂಗಿದ್ದನ್ನು ಕಂಡು ಅವನಿಗೆ ಹುರುಪು ಬಂತು.

“ಮತ್ತೆ ಯಾರ ಮಾತು ಕೇಳಿ ತೊಗೊಂಡ್ರಿ ಅಮ್ಮಾ? ಗಿಣಿಶಾಸ್ತ್ರದವನದಾ?”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆಕೆ ನಗಲಿಲ್ಲ.

“ನಿಮ್ಮ ತಾಯಿಯವರದು ಸಾರ್. ಆಸ್ಪತ್ರೆಯಲ್ಲಿ ಕೊನೇವರೆಗೂ ಅವರನ್ನ ನೋಡಿಕೊಂಡವಳು ನಾನೇ. ನೀವು ಒಂದು ದಿನವೂ ಬರಲಿಲ್ಲ, ಅದಕ್ಕೇ ನನ್ನ ಗುರುತಿಲ್ಲ. ‘ಆ ಕಂಪನಿಗೆ ನನ್ನ ಮಗನೇ ವಕೀಲ, ಮೋಸ ಮಾಡೋರ ಹತ್ತಿರಕ್ಕೂ ಅವನು ಸುಳಿಯೋದಿಲ್ಲ’ ಅಂತಿದ್ರು.”