ತೌಡಿಗೆ ಮಾರಿದ ಮಗು

"ಮಗೂನ ಎಷ್ಟಕ್ಕೆ ಮಾರಿದ್ರಿ?" ಮಕ್ಕಳ ರಕ್ಷಣಾ ಘಟಕದಿಂದ ಬಂದಿದ್ದ ಹಂಸಾ ಬಾಗಿಲಲ್ಲೇ ನಿಂತು ಕೇಳಿದರು.

"ಒಂದು ಹಿಡಿ ತೌಡಿಗೆ ಮೇಡಂ," ಎಂದಳು ಶಿಲ್ಪಶ್ರೀ.

ಬರೆಯುತ್ತಿದ್ದ ಹಂಸಾ ಕೈ ನಿಲ್ಲಿಸಿದರು. ಗೊಟ್ಟಿಗೆರೆಯ ಈ ವಠಾರಕ್ಕೆ ಅವರನ್ನು ಕರೆಸಿದ್ದು ಒಂದು ಫೋನು. ಶಿಲ್ಪಶ್ರೀ ಪಾತ್ರೆ ತೊಳೆಯುವ ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ ಯಾರೋ ಮಗು ಹೇಗಿದೆ ಎಂದು ವಿಚಾರಿಸಿದ್ದರು. "ಅದು ನಂದಲ್ಲ, ಮಾರ್ಬಿಟ್ಟಿದೀನಿ" ಎಂದು ಇವಳು ಸಲೀಸಾಗಿ ಹೇಳಿದ್ದಳು. ಅವರು ತಡಮಾಡದೆ ಸಹಾಯವಾಣಿಗೆ ತಿಳಿಸಿ ಪುಣ್ಯ ಕಟ್ಟಿಕೊಂಡಿದ್ದರು.

"ಕೊಂಡ್ಕೊಂಡೋಳು ನಾನೇ," ಎನ್ನುತ್ತ ಪಕ್ಕದ ಮನೆಯ ಸಿದ್ದಗಂಗಮ್ಮ ಮಗುವನ್ನು ಎತ್ತಿಕೊಂಡೇ ಬಂದರು. "ಇವ್ಳಿಗೆ ಎರಡು ಕೂಸು ಹುಟ್ಟಿ ಹೋದ್ವು. ಅದಕ್ಕೆ ಇದನ್ನ ಮೊರದಲ್ಲಿ ಮಲಗಿಸಿ ನಂಗೆ ಮಾರಿದ್ಳು. ವರ್ಷ ತುಂಬೋವರ್ಗೂ ಇವ್ಳು ನಂದು ಅನ್ನಂಗಿಲ್ಲ. ಅಂದಿದ್ದು ಸಾವಿನ ಕಿವಿಗೆ ಬಿದ್ರೆ ಇದೂ ಉಳಿಯಲ್ಲ. ನಮ್ ಕಡೆ ಶಾಸ್ತ್ರ ಕಣಮ್ಮ."

"ಮತ್ತೆ ಹಾಲು ಯಾರು ಕುಡಿಸ್ತಾರೆ?" ಹಂಸಾಗೆ ಕುತೂಹಲ ತಡೆಯಲಾಗಲಿಲ್ಲ.

"ಇನ್ಯಾರು? ಇವ್ಳೇ. ನನ್ ಮಗೂಗೆ."

ಹಂಸಾ ಬಂದ ನಗುವನ್ನು ನುಂಗಿಕೊಂಡರು. ಮಗುವನ್ನು ಮಾರಿದರೂ ಐದು ವರ್ಷದವರೆಗೆ ಜೈಲು, ಕೊಂಡರೂ ಅಷ್ಟೇ. ಕಾನೂನಿಗೆ ತೌಡೂ ಒಂದೇ, ಲಕ್ಷವೂ ಒಂದೇ.

"ನೋಡಿ ಶಿಲ್ಪಶ್ರೀ, ಮಾರಿದೀನಿ ಅಂತ ನೀವೇ ಹೇಳಿದೀರ. ಈಗ ಮಗು ನಂದೇ ಅಂತಾನೂ ನೀವೇ ಬಾಯ್ಬಿಟ್ಟು ಹೇಳ್ಬೇಕು. ಇಲ್ಲಾಂದ್ರೆ ನಾನು ಇದನ್ನ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕರ್ಕೊಂಡ್ ಹೋಗ್ಬೇಕಾಗುತ್ತೆ. ಅವರು ಶಿಶುಗೃಹಕ್ಕೆ ಕಳಿಸಿದ್ರೂ ಕಳಿಸ್ಬಹುದು."

ಶಿಲ್ಪಶ್ರೀ ಬಾಯಿ ತೆರೆದಳು, ಮುಚ್ಚಿದಳು. ಹೇಳಿದರೆ ಸಾವು ಒಯ್ಯುತ್ತದೆ, ಹೇಳದಿದ್ದರೆ ಸರ್ಕಾರ. ಪಾಪ, ಯಾವ ತಾಯಿಗೂ ಬೇಡ ಈ ಇಕ್ಕಟ್ಟು.

"ಹೊರಗೆ ಬನ್ನಿ ಮೇಡಂ," ಎಂದಳು ಕೊನೆಗೆ. ಮಗುವನ್ನು ಸಿದ್ದಗಂಗಮ್ಮನ ಕೈಯಲ್ಲೇ ಬಿಟ್ಟು, ಗಲ್ಲಿ ದಾಟಿ, ಬನ್ನೇರುಘಟ್ಟ ರಸ್ತೆಯವರೆಗೂ ನಡೆದಳು. ಯಾಕೆಂದು ಹೊಳೆಯದಿದ್ದರೂ ಹಂಸಾ ಹಿಂದೆಯೇ ಹೋದರು. ಬಸ್ಸು, ಲಾರಿಗಳ ಹಾರ್ನು ಕಿವಿಗಡಚಿಕ್ಕುವ ಕಡೆ ನಿಂತು, ಶಿಲ್ಪಶ್ರೀ ಒಮ್ಮೆ ಸುತ್ತ ನೋಡಿದಳು. ಹಂಸಾರ ಕಿವಿಯ ಹತ್ತಿರ ಬಾಯಿಟ್ಟು ಪಿಸುಗುಟ್ಟಿದಳು:

"ನಂದೇ ಮೇಡಂ."

ಹಂಸಾ ಬರೆದುಕೊಂಡು ತಲೆಯೆತ್ತುವಷ್ಟರಲ್ಲಿ ಅವಳು ಪಕ್ಕದಲ್ಲಿರಲಿಲ್ಲ. ಮಗು ಇನ್ನೂ ಉಸಿರಾಡುತ್ತಿದೆಯೇ ಎಂದು ನೋಡಲು, ಚಪ್ಪಲಿ ಕಳಚಿದ್ದೂ ತಿಳಿಯದೆ ಮನೆಯತ್ತ ಓಡುತ್ತಿದ್ದಳು.